ಅಕ್ಷರ ನನ್ನದು, ಹಾಡು ಅವರದು

ಫೋನು ಬಂದಾಗ ನಾನು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆ. ಒಬ್ಬಳಿಗೆ ಇಡೀ ಒಂದು ಕಟ್ಟು ಸೊಪ್ಪು ಏತಕ್ಕೆ ಎಂದು ಯಾರಾದರೂ ಕೇಳಬಹುದು. ಇಷ್ಟು ವರ್ಷ ಎರಡೆರಡು ಕಟ್ಟು ತಂದ ಕೈ ಒಂದಕ್ಕೆ ಇಳಿದದ್ದೇ ದೊಡ್ಡದು. ನಮ್ಮ ಮನೆಯವರು ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.

ನಾಲ್ಕು ತಿಂಗಳಲ್ಲಿ ನಾನು ಒಂದು ಸಲವೂ ಅತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ನನಗೆ ಮೈಯೆಲ್ಲ ಹಾಗೆ ಆಗಿತ್ತು. ಚಹಾ ಬಿಸಿ ಎಂದು ಗೊತ್ತಾಗುವುದರೊಳಗೆ ನಾಲಿಗೆ ಸುಟ್ಟಿರುತ್ತಿತ್ತು. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ಸರದಿಯ ಮೇಲೆ ಬಂದು, "ಅತ್ತುಬಿಡವ್ವಾ, ಎದಿ ಹಗುರಾಗ್ತದ" ಎಂದು ಹೇಳಿ ಹೋದರು. ಅಳು ಏನು ನಲ್ಲಿಯ ನೀರೇ, ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರಲಿಕ್ಕೆ? ಹಾಗಂತ ಬಾಯಿಗೆ ಬಂದಿತ್ತು, ಆದರೆ ಹೇಳಲಿಲ್ಲ. ಹೇಳುವಷ್ಟು ಸಿಟ್ಟೂ ಆಗ ನನ್ನಲ್ಲಿ ಇರಲಿಲ್ಲ.

ಫೋನಿನಲ್ಲಿ ಮಾತಾಡಿದ್ದು ಒಂದು ಹುಡುಗಿ. ಕರಾವಳಿಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮಾಟುಂಗದಲ್ಲಿ. ಕನ್ನಡ ಹುಡುಕಿ ಹುಡುಕಿ ಆಡುತ್ತಿದ್ದಳು.

"ಆಂಟಿ, ನಾವು ಇಲ್ಲಿ ಒಂದು ಕವಿತೆ ಕಾಂಪಿಟಿಷನ್ ಮಾಡ್ತಾ ಇದ್ದೇವೆ. ಮರಾಠಿ, ತಮಿಳು, ತುಳು, ಗುಜರಾತಿ, ದಖನಿ, ಸಬ್ ಭಾಷೆ ಉಂಟು. ಮಾಟುಂಗ, ವಡಾಲ, ಆಂಟಾಪ್ ಹಿಲ್ ಸೈಡಿನ ಹಳೇ ಸಾಹಿತ್ಯದ ನೆನಪಿಗೆ. ಎಲ್ಲರೂ ಅವರದ್ದೇ ಒಂದು ಪೊಯೆಮ್ ಓದಬೇಕು, ಮತ್ತೆ ಇಲ್ಲಿಯದ್ದೇ ಒಂದು ಪುರಾನಾ ಪೊಯೆಮ್ ಓದಬೇಕು. ನಿಮ್ಮದು ಒಂದು ನಾವು ತಗೊಂಡಿದ್ದೇವೆ."

"ನಂದು? ಯಾವುದವ್ವಾ?"

"ಅದೇ ಆಂಟಿ, ಲಾದಿಯದ್ದು. ಆ ಹ್ಯಾಂಡ್‌ರಿಟನ್ ಬುಕ್ಕಿನಲ್ಲಿ ಇತ್ತಲ್ಲ. ನನಗೆ ಎಷ್ಟು ಇಷ್ಟ ಆಯ್ತು, ಗೊತ್ತಾ?"

ಸೊಪ್ಪಿನ ದಂಟು ಕೈಯಲ್ಲಿ ಹಾಗೇ ಉಳಿಯಿತು.

ಆ ಪುಸ್ತಕದ ಕತೆ ಹೇಳಬೇಕು. ನಾನು ಮದುವೆಯಾಗಿ ವಿಜಾಪುರದ ಕಡೆಯಿಂದ ಈ ಊರಿಗೆ ಬಂದಾಗ ನಾವಿದ್ದದ್ದು ಚಾಳಿನಲ್ಲಿ. ಅಲ್ಲಿ ಎಲ್ಲರೂ ನಮ್ಮ ಕಡೆಯವರೇ, ಕಟ್ಟಡದ ಕೆಲಸದವರು. ಕೂಲಿ ಮಾಡಿ ದಣಿದು ಬಂದವರಿಗೆ ಅದೇನು ಹುಚ್ಚೋ, ಸೇರಿ ಒಂದು ಕೈಬರಹದ ಪತ್ರಿಕೆ ಮಾಡುತ್ತಿದ್ದರು. ತಿಂಗಳಿಗೆ ಒಂದು ನೂರು ಹಾಳೆಯ ನೋಟ್‌ಬುಕ್ಕು. ಪ್ರತಿ ಒಂದೇ. ಅದು ಖೋಲಿಯಿಂದ ಖೋಲಿಗೆ ತಿರುಗಿ, ಅರಿಸಿನ, ಎಣ್ಣೆ, ಬೀಡಿಯ ಬೂದಿ ಎಲ್ಲ ಮೆತ್ತಿಕೊಂಡು ವಾಪಸು ಬರುತ್ತಿತ್ತು. ಓದಿದವರು ಕೊನೆಯ ಹಾಳೆಯಲ್ಲಿ ಅಭಿಪ್ರಾಯ ಬರೆಯಬೇಕು. "ಬೇಷ್" ಎಂದು ಬರೆದು ಹೆಬ್ಬೆಟ್ಟು ಒತ್ತಿದವರೂ ಇದ್ದರು.

ಆ ಪತ್ರಿಕೆಗೆ ಒಂದು ಕಟ್ಟಳೆ ಇತ್ತು. ಬರೆದವರ ಹೆಸರು ಹಾಕಕೂಡದು. ಮೊದಲನೆಯ ಸಂಚಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಇಬ್ಬರು ಕವಿಗಳು ಒಬ್ಬರದೊಬ್ಬರು ಕೊರಳಪಟ್ಟಿ ಹಿಡಿದು ಓಣಿಯ ತುಂಬ ಹೊರಳಾಡಿದ್ದರಂತೆ. ಹಿರಿಯರು ಕೂತು ಪಂಚಾಯತಿ ಮಾಡಿ, ಹೆಸರೇ ಬೇಡ, ಹಾಡು ಹಾಡಾಗಿರಲಿ ಎಂದು ತೀರ್ಮಾನ ಮಾಡಿದರು. ಅಲ್ಲಿಂದ ಮುಂದೆ ಯಾರ ಹಾಡು ಎಂಬುದು ಚಾಳಿನವರಿಗೆ ಮಾತ್ರ ಗೊತ್ತು.

ಬರೆಯುತ್ತಿದ್ದವಳು ನಾನು. ಏಳನೆಯ ಇಯತ್ತೆ ಕಲಿತಿದ್ದೆ, ಅಕ್ಷರ ದುಂಡಗಿದ್ದವು. ಎಲ್ಲರೂ ಚೂರುಪಾರು ಕಾಗದದಲ್ಲಿ ಗೀಚಿ ತಂದುಕೊಟ್ಟದ್ದನ್ನು ನಾನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ನಮ್ಮ ಮನೆಯವರದಂತೂ ಕಾಗದವೂ ಇರಲಿಲ್ಲ. ಅವರು ನೆಲಕ್ಕೆ ಲಾದಿ, ಅಂದರೆ ಟೈಲ್ಸು, ಕೂಡಿಸುವ ಕೆಲಸದವರು. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವರು. ತಮ್ಮ ಸಹಿ ಬಿಟ್ಟರೆ ಬೇರೆ ಬರವಣಿಗೆ ಇಲ್ಲ. ದಿನವೆಲ್ಲ ಮೊಣಕಾಲ ಮೇಲೆ ಕೂತು ಲಾದಿಗೆ ಲಾದಿ ಹೊಂದಿಸುತ್ತ ಬಾಯಲ್ಲೇ ಹಾಡು ಹೊಂದಿಸಿಕೊಂಡು ಬರುತ್ತಿದ್ದರು. ಸಂಜೆ ಬಂದವರೇ ಕೈಕಾಲು ತೊಳೆಯುವ ಮುಂಚೆ, "ಬರಕೋ, ಬರಕೋ, ಮರೀತೀನಿ" ಎನ್ನುತ್ತಿದ್ದರು. ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಪೆನ್ನು ಹಿಡಿಯಬೇಕು. "ರೊಟ್ಟಿ ಹೊತ್ತಿದ್ರ ಹಾಡ ತಿಂತೀರೇನು?" ಎಂದು ಬೈಯುತ್ತಲೇ ಬರೆದುಕೊಳ್ಳುತ್ತಿದ್ದೆ.

ಲಾದಿಯ ಹಾಡು ಅವರದು. ಹೀಗಿದೆ:

ಹತ್ತು ಮಾಳಿಗೀ ನೆಲಾ ಕೂಡಿಸಿ ಬಂದೆ,
ಒಂದರಾಗೂ ಕಾಲ ಚಾಚಲಿಲ್ಲ.
ಲಾದಿ ಬುಡಕ ನನ್ನ ಅಂಗೈ ಗುರುತ ಐತಿ,
ಎತ್ತಿ ನೋಡವ್ರು ಯಾರೂ ಇಲ್ಲ.

ಇನ್ನೂ ಎಂಟು ಸಾಲಿವೆ. ನನಗೆ ಬಾಯಿಪಾಠ.

ಚಾಳು ಒಡೆದು ಬಿಲ್ಡಿಂಗು ಎದ್ದಿತು, ಜನ ಚದುರಿದರು, ಪತ್ರಿಕೆ ನಿಂತಿತು. ನೋಟ್‌ಬುಕ್ಕುಗಳು ಯಾರದೋ ಟ್ರಂಕಿನಲ್ಲಿ ಉಳಿದು ಈಗ ಈ ಹುಡುಗಿಯ ಕೈಗೆ ಸಿಕ್ಕಿದ್ದವು. ಅವಳು ಹಳಬರನ್ನು ಹುಡುಕಿ, ಇದು ಯಾರ ಅಕ್ಷರ ಎಂದು ಕೇಳಿದ್ದಾಳೆ. ಅವರು ನನ್ನ ಹೆಸರು ಹೇಳಿದ್ದಾರೆ. ಅವಳು ಸ್ಪರ್ಧೆಗೆಂದು ಅಚ್ಚು ಮಾಡಿಸಿದ ಪುಸ್ತಕದಲ್ಲಿ ಹಾಡಿನ ಕೆಳಗೆ ಅದನ್ನೇ ಹಾಕಿಸಿಬಿಟ್ಟಿದ್ದಾಳೆ. ಅವಳದೇನು ತಪ್ಪು? ಹೆಸರಿಲ್ಲದ ಹಾಡು ಕಂಡರೆ ಯಾರಾದರೂ ಕೈಬರಹವನ್ನೇ ನಂಬುತ್ತಾರೆ.

"ತಂಗೀ, ಅದು ನಂದಲ್ಲ. ನಮ್ಮನಿಯವರದು" ಎಂದೆ.



"ಅಯ್ಯೋ ಆಂಟಿ, ಬುಕ್ ಛಪ್ ಆಗಿದೆ. ಐನೂರು ಕಾಪಿ. ಈಗ ಹೇಗೆ?" ಪಾಪ, ಅಳುವ ಧ್ವನಿ. "ಒಂದು ಕೆಲಸ ಮಾಡುವನಾ? ನಿಮಗೆ ಸ್ಟೇಜಿನಲ್ಲಿ ಸನ್ಮಾನ ಉಂಟು. ಆವಾಗ ನೀವೇ ಮೈಕಿನಲ್ಲಿ ಹೇಳಿಬಿಡಿ. ಅಂಕಲ್ ಹೆಸರು ನೀವು ಹೇಳಿದರೆ ಎಷ್ಟು ಚಂದ!"

ಹೂಂ ಎಂದೆ. ಫೋನಿಟ್ಟ ಮೇಲೆ ತಿಳಿಯಿತು, ಯಾವುದಕ್ಕೆ ಒಪ್ಪಿಕೊಂಡೆ ಎಂದು.

ನಾವು ಗಂಡನ ಹೆಸರು ಬಾಯಿಂದ ಹೇಳುವವರಲ್ಲ. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದು ಕೂಗುತ್ತಾರೆ, ಕೂಗಲಿ, ನನ್ನ ಮಗಳೂ ಕೂಗುತ್ತಾಳೆ. ನನ್ನ ಬಾಯಿ ಹಾಗೆ ತಯಾರಾಗಿಲ್ಲ. ಬರೆಯಲು ಅಡ್ಡಿಯಿಲ್ಲ, ರೇಷನ್ ಕಾರ್ಡಿನ ಅರ್ಜಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನಾಲಿಗೆಯ ಮೇಲೆ ಬರುವುದಿಲ್ಲ, ಅಷ್ಟೇ. ಅವರು ಹೋದ ದಿನ ಆಸ್ಪತ್ರೆಯ ಕೌಂಟರಿನಲ್ಲಿ "ನಾಮ್ ಬೋಲೋ" ಎಂದು ಕೇಳಿದರು. ನಿಂತೇ ಇದ್ದೆ. ಮತ್ತೆ ಕೇಳಿದರು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕೊನೆಗೆ ಮಗಳು ಓಡಿ ಬಂದು ಹೇಳಿದಳು. ಆವತ್ತು ಶುರುವಾದ ಜೋಮು ಇದು.

ಆದರೆ ಆ ಹಾಡು ಬಿಟ್ಟರೆ ಅವರದು ಏನುಳಿದಿದೆ? ಮುಂಬಯಿಯ ಎಷ್ಟೋ ಮನೆಗಳ ನೆಲ ಅವರು ಕೂಡಿಸಿದ್ದು. ಒಂದರ ಮೇಲೂ ಹೆಸರಿಲ್ಲ. ಈಗ ಹಾಡೂ ನನ್ನ ಹೆಸರಿಗೆ ಹೋದರೆ ಆ ಮನುಷ್ಯ ಈ ಊರಿಗೆ ಬಂದೇ ಇರಲಿಲ್ಲ ಎಂದ ಹಾಗೆ. ಒಂದು ಮಾತು ಹೇಳಿ ಬರುವುದು, ಅಷ್ಟು ಮಾಡಲೇಬೇಕು ಎಂದು ಗಟ್ಟಿ ಮಾಡಿಕೊಂಡೆ. ಮಗಳಿಗೆ ಶನಿವಾರವೂ ಡ್ಯೂಟಿ, ಒಬ್ಬಳೇ ಹೊರಟೆ.

ಬಸ್ಸಿನಲ್ಲಿ ಮಾಟುಂಗಕ್ಕೆ ಹೋದೆ. ಹೂವಿನ ಸಾಲು ದಾಟಿ, ಉಡುಪಿ ಹೋಟೆಲಿನ ಹೊರಗೆ ಟೇಬಲ್ಲಿಗೆ ಕಾಯುತ್ತ ನಿಂತ ಜನರ ನಡುವೆ ತೂರಿಕೊಂಡು ಸಭಾಗೃಹ ಮುಟ್ಟಿದೆ. ಕಾಫಿಯ ವಾಸನೆ ಮೂಗಿಗೆ ಬಂತು, ಬೇಕು ಎನಿಸಲಿಲ್ಲ. ಬಾಗಿಲಲ್ಲಿ ಹುಡುಗಿ ಗುಲಾಬಿ ಕೊಟ್ಟು, ಅಚ್ಚಾದ ಪುಸ್ತಕದ ಒಂದು ಪ್ರತಿ ಕೊಟ್ಟು, ಮುಂದಿನ ಸಾಲಿನಲ್ಲಿ ಕೂಡಿಸಿದಳು. ಪುಟ ತೆರೆದೆ. ಲಾದಿಯ ಹಾಡಿನ ಕೆಳಗೆ ನನ್ನ ಹೆಸರು, ಹಿಂದೆ "ಶ್ರೀಮತಿ" ಸೇರಿಸಿ. ಇಂಥ ಸುಳ್ಳನ್ನು ಇಷ್ಟು ಒಳ್ಳೆಯ ಕಾಗದದ ಮೇಲೆ ನಾನು ನೋಡಿರಲಿಲ್ಲ.

ಸ್ಪರ್ಧೆ ನಡೆಯಿತು. ಒಬ್ಬ ತಮಿಳು ಹುಡುಗ ಕಣ್ಣು ಮುಚ್ಚಿ ಓದಿದ. ಗುಜರಾತಿ ಹೆಂಗಸೊಬ್ಬರು ಅರ್ಧಕ್ಕೆ ಮರೆತು, ನಕ್ಕು, ಮತ್ತೆ ಮೊದಲಿಂದ ಶುರು ಮಾಡಿದರು. ನಮ್ಮ ಕಲಬುರಗಿ ಕಡೆಯ ಒಬ್ಬ ದರ್ಜಿ ಚಾಚಾ ದಖನಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಪದ್ಯ ಹೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕಿರಬೇಕು, ತುಟಿ ಎಳೆದದ್ದು ನೆನಪಿದೆ. ಆಮೇಲೆ ಕಾಲೇಜಿನ ಒಬ್ಬಳು ಹುಡುಗಿ ಎದ್ದು ಲಾದಿಯ ಹಾಡು ಓದಿದಳು. ಕನ್ನಡ ಓದಲು ಬರದೆ ಮೊಬೈಲಿನಲ್ಲಿ ಹಿಂದಿ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಆದರೂ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. "ಎತ್ತಿ ನೋಡವ್ರು ಯಾರೂ ಇಲ್ಲ" ಎಂದಾಗ ಸಭೆ ಗಪ್ಪಾಯಿತು. ನನಗೆ ಏನೂ ಆಗಲಿಲ್ಲ. ಬೇರೆ ಯಾರದೋ ಮನೆಯ ರೇಡಿಯೊ ಕೇಳಿದ ಹಾಗಿತ್ತು.

"ಈ ಕವಿತೆಯ ಕವಯಿತ್ರಿ ಇಲ್ಲೇ ನಮ್ಮೊಂದಿಗೆ ಇದ್ದಾರೆ" ಎಂದು ಮೈಕಿನಲ್ಲಿ ಕೂಗಿದರು. ಹೋದೆ. ಅಧ್ಯಕ್ಷರು ಹಿರಿಯರು, ಬಿಳಿ ಅಂಗಿ, ಬಿಳಿ ಧೋತರ, ಸಾಲಾಗಿ ಪೆನ್ನು ಸಿಕ್ಕಿಸಿದ ಜೇಬು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, "ಎರಡು ಮಾತು" ಎಂದರು. ಒಂದು ಕೈಯಲ್ಲಿ ಬುಟ್ಟಿ, ಒಂದು ಕೈಯಲ್ಲಿ ಮೈಕು.

"ಈ ಹಾಡು ನಂದಲ್ಲರೀ. ಇದರಾಗ ನಂದೇನೂ ಇಲ್ಲ. ಎಲ್ಲಾ ನಮ್ಮನಿಯವರದು" ಎಂದೆ. ಮುಂದೆ ಹೆಸರು ಬರಬೇಕು. ಬಾಯಿ ತೆರೆದು ನಿಂತೆ. ಬರಲಿಲ್ಲ.

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಬಿದ್ದದ್ದಲ್ಲ, ಉಕ್ಕಿತು. ಅಧ್ಯಕ್ಷರು ಮೈಕು ಕಸಿದುಕೊಂಡವರೇ ಶುರು ಹಚ್ಚಿದರು: "ನೋಡಿ, ಇದೇ ನಮ್ಮ ಪರಂಪರೆ! 'ನನ್ನದೇನೂ ಇಲ್ಲ' ಎನ್ನುವ ಈ ವಿನಯ! ಎಲ್ಲವನ್ನೂ ಪತಿಗೆ ಅರ್ಪಿಸುವ ಈ ಭಾವ! ಇಂದಿನ ಕವಿಗಳಲ್ಲಿ ಇದನ್ನು ಎಲ್ಲಿ ಕಾಣುತ್ತೇವೆ?"

ನಮ್ಮ ಸಭೆಗಳ ರೀತಿ ನನಗೆ ಗೊತ್ತಿರಬೇಕಿತ್ತು. ಶಾಲು ಹೊದ್ದವರೆಲ್ಲ ಹೇಳುವುದು ಅದನ್ನೇ. ನನ್ನದೇನಿದೆ, ಎಲ್ಲ ಗುರುಗಳದು, ಎಲ್ಲ ತಾಯಿಯದು, ಎಲ್ಲ ನಿಮ್ಮದು ಎಂದು. ಹಾಗನ್ನದಿದ್ದರೆ ಸೊಕ್ಕಿನವರು ಎನ್ನುತ್ತಾರೆ. ನಿಜವಾಗಿಯೂ ನನ್ನದಲ್ಲ ಎಂದು ಹೇಳಲು ಬಂದವಳ ಮಾತೂ ಅದೇ ಗಂಟಿಗೆ ಹೋಯಿತು. ಇನ್ನೊಂದು ಸಲ ಹೇಳಿದರೆ ಇನ್ನಷ್ಟು ಚಪ್ಪಾಳೆ ತಟ್ಟುತ್ತಾರೆ. ಬುಟ್ಟಿ ಹಿಡಿದುಕೊಂಡು ಇಳಿದು ಬಂದೆ.

ಮುಗಿಯಿತು ಎಂದುಕೊಂಡು ಕೂತೆ. ಬಂದೆ, ಹೇಳಿದೆ, ಆಗಲಿಲ್ಲ. ನಾಚಿಕೆಯಾಗಬೇಕಿತ್ತು, ಸಂಕಟವಾಗಬೇಕಿತ್ತು. ಬುಟ್ಟಿಯಲ್ಲಿ ಎಷ್ಟು ಬಗೆಯ ಹಣ್ಣಿವೆ ಎಂದು ನೋಡುತ್ತಿದ್ದೆ.

ಪಕ್ಕದ ಕುರ್ಚಿಯಲ್ಲಿ ಮರಾಠಿ ವಿಭಾಗದ ತೀರ್ಪುಗಾರರು ಕೂತಿದ್ದರು. ನನ್ನ ವಯಸ್ಸಿನ ಹೆಂಗಸು, ನನ್ನ ಹಾಗೆಯೇ ಬರಿಗೊರಳು. ಅವರು ಬಗ್ಗಿ ಮರಾಠಿಯಲ್ಲಿ ಕೇಳಿದರು, "ಖರಂಚ ತ್ಯಾಂಚೀ ಕಾ?" ನಿಜವಾಗಿ ಅವರದೇನಾ ಎಂದು. ಇಡೀ ಸಭೆಯಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

ಹೌದು ಎಂದೆ. ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ, ನಮ್ಮ ಮನೆಯವರು ಹೇಳುತ್ತಿದ್ದದ್ದು, ನಾನು ಬರೆಯುತ್ತಿದ್ದದ್ದು.

"ಮತ್ತೆ ಹೆಸರು ಯಾಕೆ ಹೇಳಲಿಲ್ಲ?"

"ನಮ್ಮಲ್ಲಿ ಹೇಳೋದಿಲ್ಲ."

"ನಮ್ಮಲ್ಲೂ ಹೇಳುವುದಿಲ್ಲ. ಉಖಾಣೆಯಲ್ಲಿ ಮಾತ್ರ ಹೇಳುತ್ತೇವೆ" ಎಂದರು.

ಉಖಾಣೆ ಎಂದರೆ ನಮ್ಮ ಒಡಪು. ಮದುವೆಯಾಗಿ ಗಂಡನ ಮನೆಗೆ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಕೂಡಿಸಿ ಎರಡು ಸಾಲಿನ ಒಡಪು ಹೇಳಿದರೆ ಮಾತ್ರ ಒಳಗೆ ಬಿಡುವುದು. ನಾನು ಹೇಳಿದ್ದು ನೆನಪಿದೆ: "ಬಿಸಿ ರೊಟ್ಟಿ ಮ್ಯಾಲ ಬೆಣ್ಣೀ ಮುದ್ದಿ, …… ಅವರ ಕೈಯಾಗ ನನ್ನ ಬುದ್ಧಿ." ಬುದ್ಧಿ ಯಾರ ಕೈಯಲ್ಲಿತ್ತು ಎಂಬುದು ಆಮೇಲೆ ಇಬ್ಬರಿಗೂ ತಿಳಿಯಿತು, ಆ ಮಾತು ಬೇರೆ. ಆ ಹೆಸರನ್ನು ನಾನು ಗಟ್ಟಿಯಾಗಿ ಅಂದದ್ದು ಅದೊಂದೇ ಸಲ.

"ಈಗ ಹ್ಯಾಂಗ ಹೇಳೂದು? ಅವರs ಇಲ್ಲ" ಎಂದೆ. ಗಂಡ ಹೋದ ಮೇಲೆ ಒಡಪು ಹೇಳಿದ ಹೆಂಗಸನ್ನು ನಾನು ಕಂಡಿಲ್ಲ. ಅಂಥವರನ್ನು ಒಡಪು ಹೇಳುವ ಜಾಗಕ್ಕೇ ಯಾರೂ ಕರೆಯುವುದಿಲ್ಲ.

"ನಾನು ಹೇಳುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗ" ಎಂದರು ಅವರು. ಅಷ್ಟು ಹೇಳಿ ಎದ್ದು ಹೋಗಿ, ನನಗೆ ಫೋನು ಮಾಡಿದ್ದ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದರು.

ತೀರ್ಪು ಓದುವ ಮುಂಚೆ ಹುಡುಗಿ ಬಂದು ಮೈಕನ್ನು ನಾನು ಕೂತಲ್ಲಿಗೇ ತಂದುಕೊಟ್ಟಳು. "ಆಂಟಿ, ಇನ್ನೊಂದು ಸಲ. ಪ್ಲೀಸ್." ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ನೋಡಿಕೊಳ್ಳಲಿ. ನಾನು ಎದ್ದು ನಿಂತೆ. ಜೀವಮಾನವೆಲ್ಲ ಬೇರೆಯವರ ಹಾಡು ಬರೆದವಳು, ಸ್ವಂತದ್ದು ಎರಡು ಸಾಲು ಅದೊಂದೇ:

ಹಾಳಿ ನಂದು, ಮಸೀ ನಂದು, ಅಕ್ಷರಾ ಗುಂಡ ಗುಂಡ,
ಹಾಡ ಮಾತ್ರ …… ಅವರದು, ಅವರು ನನ್ನ ಗಂಡ.

ಹೆಸರು ಹೇಳಿದೆ. ಗಟ್ಟಿಯಾಗಿ, ಅವರ ಅಪ್ಪನ ಹೆಸರು, ಅಡ್ಡಹೆಸರು ಸಮೇತ. ಇಲ್ಲಿ ಚುಕ್ಕಿ ಇಟ್ಟಿದ್ದೇನೆ, ಅದು ನನ್ನ ಇಷ್ಟ. ಆ ಸಭೆಯವರು ಕೇಳಿದ್ದಾರೆ, ಸಾಕು.

ಆ ಮರಾಠಿ ತೀರ್ಪುಗಾರರಿಗೆ ಭಾಷೆ ತಿಳಿಯದಿದ್ದರೂ ಒಡಪು ತಿಳಿಯಿತು. ಮೊದಲು ತಲೆಯಾಡಿಸಿದವರು ಅವರೇ. ಈ ಸಲ ಚಪ್ಪಾಳೆ ತಡವಾಗಿ ಬಂತು, ಅಲ್ಲೊಂದು ಇಲ್ಲೊಂದು. ಅಧ್ಯಕ್ಷರು "ಹಾಗಾದರೆ… ಹಾಗಾದರೆ ಇದು…" ಎಂದು ತಮ್ಮ ಪುಸ್ತಕ ತೆರೆದು, ಜೇಬಿನ ಪೆನ್ನು ತೆಗೆದು, ಪುಟದ ಮೇಲೆ ಏನೋ ತಿದ್ದಿಕೊಂಡರು. ಅವರನ್ನು ನೋಡಿ ಪಕ್ಕದವರು ತಿದ್ದಿಕೊಂಡರು. ಪೆನ್ನು ಇಲ್ಲದವರು ಪೆನ್ನು ಕೇಳಿದರು. ಹುಡುಗಿ ಉಳಿದ ಪ್ರತಿಗಳ ಗಂಟನ್ನು ನನ್ನ ಮುಂದೆ ತಂದಿಟ್ಟು, "ನೀವೇ ಬರೆಯಿರಿ ಆಂಟಿ, ನಿಮ್ಮ ಹ್ಯಾಂಡ್‌ರೈಟಿಂಗೇ ಇರಲಿ" ಎಂದಳು. ಬಹುಮಾನ ಹಂಚುತ್ತಿದ್ದಷ್ಟು ಹೊತ್ತೂ ಕೂತು ನನ್ನ ಹೆಸರು ಹೊಡೆದು ಹಾಕಿ ಅವರದು ಬರೆದೆ. ಬೆರಳು ನೋಯುವವರೆಗೆ ಬರೆದೆ. ಲಾದಿಯ ಹಾಡು ಓದಿದ ಹುಡುಗಿಗೆ ಎರಡನೆಯ ಬಹುಮಾನ ಬಂತು.

ಗೆದ್ದೆ ಎನ್ನುವ ಖುಷಿ ಬಂತೇ ಎಂದರೆ, ಇಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡೆ. ಸೇಬು ಒಂದು ಕೊಳೆತಿತ್ತು.

ಇನ್ನೂ ಬೆಳಕಿರುವಾಗಲೇ ಮನೆ ಮುಟ್ಟಿದೆ. ಬುಟ್ಟಿ ಕೆಳಗಿಟ್ಟು ಕೀಲಿ ತೆಗೆದೆ. ಬಾಗಿಲು ತಳ್ಳಿದರೆ ನಮ್ಮ ಮನೆಯ ನೆಲ ಕಾಣಿಸಿತು. ಅದೂ ಅವರೇ ಕೂಡಿಸಿದ್ದು, ಹತ್ತು ಕಡೆ ಉಳಿದ ಲಾದಿ ತಂದು. ಒಂದು ಕೆಂಪು, ಒಂದು ಬೂದಿ, ಒಂದು ಹೂವಿನದು. "ಇದೇನು ತ್ಯಾಪಿ ಹಚ್ಚಿದ ಕೌದಿ ಆತಲ್ಲರೀ" ಎಂದು ನಾನು ಆವತ್ತು ಜಗಳ ಮಾಡಿದ್ದೆ.

ಒಳಗೆ ಕಾಲಿಡಬೇಕು ಎನ್ನುವಾಗ ನಿಂತೆ. ಯಾಕೆ ನಿಂತೆನೋ, ಯಾರೂ ಅಡ್ಡ ನಿಂತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ಅವರ ಹೆಸರು ಹೇಳಿದೆ, ಬರೀ ಹೆಸರು, ಒಡಪಿಲ್ಲದೆ. ಸಭೆಯಲ್ಲಿ ಐನೂರು ಪ್ರತಿಗೆ ಸಾಕಾಗುವಷ್ಟು ಗಟ್ಟಿಯಾಗಿ ಹೇಳಿದವಳಿಗೆ ಇಲ್ಲಿ ಧ್ವನಿ ಎರಡಾಯಿತು. ಈ ಮನೆಯಲ್ಲಿ ಆ ಹೆಸರು ಹಿಡಿದು ನಾನು ಅವರನ್ನು ಒಮ್ಮೆಯೂ ಕರೆದಿರಲಿಲ್ಲ. ಕರೆದಾಗ "ಏನs?" ಎನ್ನಲು ಅವರಿರಲಿಲ್ಲ.

ಜೋಮು ಬಿಡುವಾಗ ಕಾಲು ಚುಚ್ಚುತ್ತದಲ್ಲ, ಹಾಗೆ ಎದೆ ಚುಚ್ಚತೊಡಗಿತು. ಬಾಗಿಲಲ್ಲೇ ಕುಸಿದು, ಆ ಕೆಂಪು ಲಾದಿಯ ಮೇಲೆ ಅಂಗೈ ಊರಿಕೊಂಡು, ನಾಲ್ಕು ತಿಂಗಳದ್ದೆಲ್ಲ ಅತ್ತೆ.